ಒಂದೇ ವಸ್ತು, ಹಲವು ಹೆಸರು: ರಾಸಾಯನಿಕ ದತ್ತಾಂಶದ ಸಮಾನ ಪದಕೋಶಗಳಲ್ಲಿ ತಾದಾತ್ಮ್ಯದ ಪ್ರಶ್ನೆ

ಪ್ರಮುಖ ಪದಗಳು: ಪರಿಭಾಷೆ, ಸಮಾನಾರ್ಥಕತೆ, ವ್ಯಾಪ್ಯ-ವ್ಯಾಪಕ ಸಂಬಂಧ, ನಿರ್ದೇಶ, ಆಂಟಾಲಜಿ, ಚೆಬಿ, ಸ್ಕಾಸ್

ರಸಾಯನಶಾಸ್ತ್ರಜ್ಞರು 'ಸಿಟ್ರಿಕ್ ಆಮ್ಲ' ಎಂದು ಬರೆಯುವ ಕಡೆ ಜೀವರಸಾಯನ ವಿಜ್ಞಾನಿಗಳು ಹಲವು ಬಾರಿ 'ಸಿಟ್ರೇಟ್' ಎಂದು ಬರೆಯುತ್ತಾರೆ. ಒಂದೇ ಪ್ರಬಂಧದ ಒಂದೇ ಪುಟದಲ್ಲಿ ಈ ಎರಡೂ ಪದಗಳು ಅದಲುಬದಲಾಗಿ ಬಂದರೂ ಓದುಗರಿಗೆ ತೊಡಕಾಗುವುದಿಲ್ಲ. ಸಂದರ್ಭವೇ ಅರ್ಥವನ್ನು ತಿಳಿಸಿಬಿಡುತ್ತದೆ. ಆದರೆ ಆ ಪ್ರಬಂಧದ ದತ್ತಾಂಶವನ್ನು ಮತ್ತೊಂದು ಸಂಸ್ಥೆಯ ದತ್ತಸಂಚಯದೊಡನೆ ಯಂತ್ರದ ಮೂಲಕ ಬೆಸೆಯಲು ಹೊರಟಾಗ ಸಂದರ್ಭವೆಂಬುದು ಉಳಿದಿರುವುದಿಲ್ಲ. ಎರಡು ಪದಗಳು ಒಂದನ್ನೇ ಸೂಚಿಸುತ್ತವೆಯೋ, ಬೇರೆ ಬೇರೆ ವಸ್ತುಗಳನ್ನು ಸೂಚಿಸುತ್ತವೆಯೋ ಎಂಬುದನ್ನು ಯಾರಾದರೂ ಮುಂಚಿತವಾಗಿ ತೀರ್ಮಾನಿಸಿ ಬರೆದಿಟ್ಟಿರಬೇಕು. ಹಾಗೆ ಬರೆದಿಟ್ಟು ಹಲವು ದತ್ತಸಂಚಯಗಳು ಒಪ್ಪಿ ಬಳಸುವ ಪದವ್ಯವಸ್ಥೆಯನ್ನು ನಾವಿಲ್ಲಿ 'ಸಮಾನ ಪದಕೋಶ' ಎಂದು ಕರೆಯುತ್ತೇವೆ.

ಕಳೆದ ಎರಡು ದಶಕಗಳಲ್ಲಿ ರಸಾಯನಶಾಸ್ತ್ರದಲ್ಲಿ ಬೆಳೆದಿರುವ ಇಂತಹ ಪದಕೋಶಗಳನ್ನು ಭಾಷಾವಿಜ್ಞಾನಿಗಳು ಮಾಹಿತಿ ತಂತ್ರಜ್ಞಾನದ ವಿಷಯವೆಂದು ಬದಿಗಿಟ್ಟಿರುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಸಮಾನಾರ್ಥಕತೆ, ವ್ಯಾಪ್ಯ-ವ್ಯಾಪಕ ಸಂಬಂಧ, ಅವಯವ-ಅವಯವಿ ಸಂಬಂಧ, ನಿರ್ದೇಶ—ಶಬ್ದಾರ್ಥಶಾಸ್ತ್ರದ ತರಗತಿಯಲ್ಲಿ ನಾವು ಉದಾಹರಣೆಗಳ ಮೂಲಕ ಚರ್ಚಿಸುವ ಈ ಪರಿಕಲ್ಪನೆಗಳೆಲ್ಲ ಅಲ್ಲಿ ದಿನನಿತ್ಯ ಪರೀಕ್ಷೆಗೆ ಒಳಗಾಗುತ್ತಿವೆ. ತಪ್ಪಾದರೆ ತಪ್ಪು ಕಣ್ಣಿಗೆ ಕಾಣುತ್ತದೆ.

ಹೆಸರಿನಿಂದ ಗುರುತಿನವರೆಗೆ

ರಾಸಾಯನಿಕ ನಾಮಕರಣವನ್ನು ಒಂದು ಪದ್ಧತಿಗೆ ಒಳಪಡಿಸುವ ಪ್ರಯತ್ನ ಹೊಸದಲ್ಲ. 1787ರಲ್ಲಿ ಗಿಟನ್ ದ ಮೊರ್ವೊ, ಲಾವಾಸಿಯೆ, ಬರ್ತೊಲೆ ಮತ್ತು ಫೂರ್ಕ್ರಾಯ್ ಫ್ರೆಂಚಿನಲ್ಲಿ ಪ್ರಕಟಿಸಿದ ನಾಮಕರಣ ವಿಧಾನವು ಸಂಯುಕ್ತದ ಹೆಸರಿನಲ್ಲಿಯೇ ಅದರ ಘಟಕಗಳು ಕಾಣಬೇಕೆಂದು ವಿಧಿಸಿತು. 1892ರ ಜಿನೀವಾ ಸಮಾವೇಶವು ಸಾವಯವ ಸಂಯುಕ್ತಗಳಿಗೆ ನಿಯಮಗಳನ್ನು ರೂಪಿಸಿತು. 1919ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರ ಒಕ್ಕೂಟ, ಅಂದರೆ ಐಯುಪಿಎಸಿ, ಇಂದಿಗೂ ಆ ಕೆಲಸವನ್ನು ಮುಂದುವರಿಸಿದೆ. ಐಯುಪಿಎಸಿ ಹೆಸರೆಂಬುದು ಭಾಷಾವಿಜ್ಞಾನದ ಪರಿಭಾಷೆಯಲ್ಲಿ ಘಟಕಾರ್ಥಗಳಿಂದ ಕಟ್ಟಲ್ಪಟ್ಟ ಸಮಾಸ. ಅದನ್ನು ಬಿಡಿಸಿದರೆ ರಚನೆ ದೊರೆಯಬೇಕು. ಆದಾಗ್ಯೂ ಬಳಕೆಯ ಬಲಕ್ಕೆ ನಿಯಮವೂ ಮಣಿಯುತ್ತದೆ. 2013ರ ಶಿಫಾರಸುಗಳಲ್ಲಿ ವಿನೆಗರಿನ ಆಮ್ಲಕ್ಕೆ ಆದ್ಯತೆಯ ಹೆಸರಾಗಿ ಉಳಿದಿರುವುದು ನಿಯಮಬದ್ಧವಾದ 'ಎಥನೋಯಿಕ್ ಆಮ್ಲ'ವಲ್ಲ, ರೂಢಿಯ 'ಅಸಿಟಿಕ್ ಆಮ್ಲ'.

ಹೆಸರುಗಳ ಈ ಚಂಚಲತೆಯಿಂದ ತಪ್ಪಿಸಿಕೊಳ್ಳಲು ಗುರುತುಗಳು ಹುಟ್ಟಿದವು. ಅವು ಹುಟ್ಟಿದ ಬಗೆ ಸಂಕೇತವಿಜ್ಞಾನಕ್ಕೆ ಒಳ್ಳೆಯ ಪಾಠ. 1965ರಲ್ಲಿ ಆರಂಭವಾದ ಕೆಮಿಕಲ್ ಆ್ಯಬ್‌ಸ್ಟ್ರ್ಯಾಕ್ಟ್ಸ್ ಸರ್ವಿಸ್‌ನ ನೋಂದಣಿ ಸಂಖ್ಯೆಯು ಶುದ್ಧ ಯಾದೃಚ್ಛಿಕ ಸಂಕೇತ. ನೀರಿನ ಸಂಖ್ಯೆ 7732-18-5. ಅದರಲ್ಲಿ ನೀರಿನ ಸ್ವರೂಪದ ಕುರುಹು ಯಾವುದೂ ಇಲ್ಲ. ಕೊನೆಯ 5 ಮಾತ್ರ ತಾಳೆ ನೋಡುವ ಅಂಕಿ: ಅದರ ಹಿಂದಿನ ಅಂಕಿಗಳನ್ನು ಬಲದಿಂದ ಎಡಕ್ಕೆ ಕ್ರಮವಾಗಿ 1, 2, 3 ಎಂದು ಗುಣಿಸಿ ಕೂಡಿದರೆ 105 ಬರುತ್ತದೆ, ಅದರ ಬಿಡಿಸ್ಥಾನದ ಅಂಕಿಯೇ ಆ 5. ಇದಕ್ಕೆ ತದ್ವಿರುದ್ಧವಾಗಿ, 1988ರಲ್ಲಿ ಡೇವಿಡ್ ವೈನಿಂಗರ್ ಪ್ರಕಟಿಸಿದ 'ಸ್ಮೈಲ್ಸ್' ಬರಹದಲ್ಲಿ ಎಥನಾಲ್ ಎಂಬುದು ಎರಡು ಇಂಗಾಲ ಮತ್ತು ಒಂದು ಆಮ್ಲಜನಕದ ಸಂಕೇತಗಳನ್ನು ಸಾಲಾಗಿ ಬರೆದ ಮೂರಕ್ಷರದ ಸರಣಿ. ಇದು ಚಿತ್ರಲಿಪಿಗೆ ಹತ್ತಿರವಾದ, ರಚನೆಯಿಂದಲೇ ಪ್ರೇರಿತವಾದ ಸಂಕೇತ. ಆದರೆ ಒಂದೇ ಅಣುವನ್ನು ಯಾವ ತುದಿಯಿಂದ ಓದಲು ತೊಡಗಿದೆವೆಂಬುದಕ್ಕೆ ಅನುಗುಣವಾಗಿ ಬರಹ ಬದಲಾಗಬಹುದಾದ್ದರಿಂದ ಪ್ರತಿಯೊಂದು ತಂತ್ರಾಂಶವೂ ತನ್ನದೇ ಆದ ಪ್ರಮಾಣರೂಪವನ್ನು ಆಯ್ದುಕೊಳ್ಳಬೇಕಾಯಿತು. 2005ರಲ್ಲಿ ಐಯುಪಿಎಸಿ ಮತ್ತು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಸಹಯೋಗದಲ್ಲಿ ಬಿಡುಗಡೆಯಾದ 'ಇನ್‌ಚಿ' ಈ ಅವ್ಯವಸ್ಥೆಗೆ ಉತ್ತರವಾಗಿ ಬಂದಿತು. ಒಂದು ರಚನೆಗೆ ಒಂದೇ ಸರಣಿ. ಅದರಿಂದ ಗಣಿತದ ಮೂಲಕ ಪಡೆಯುವ 27 ಅಕ್ಷರಗಳ 'ಇನ್‌ಚಿಕೀ' ವಿಚಿತ್ರ ಜೀವಿ: ಅದರ ಹುಟ್ಟು ಸಂಪೂರ್ಣ ಪ್ರೇರಿತ, ಆದರೆ ಅದನ್ನು ನೋಡಿ ಮೂಲ ರಚನೆಯನ್ನು ಹಿಂಪಡೆಯಲಾಗದು. ಯಾದೃಚ್ಛಿಕ ಮತ್ತು ಪ್ರೇರಿತ ಎಂಬ ಸೊಸ್ಯೂರನ ದ್ವಂದ್ವದಲ್ಲಿ ಇದಕ್ಕೆ ಸುಲಭವಾದ ಸ್ಥಾನವಿಲ್ಲ.

ಸಮಾನಾರ್ಥಕ ಎಂದರೆ ಏನು

ರಚನೆಗೊಂದು ಗುರುತು ಸಿಕ್ಕ ಮಾತ್ರಕ್ಕೆ ಹೆಸರುಗಳ ಸಮಸ್ಯೆ ಮುಗಿಯಲಿಲ್ಲ, ಏಕೆಂದರೆ ಜನರು ಹುಡುಕುವುದು ಹೆಸರುಗಳನ್ನೇ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಆಶ್ರಯದಲ್ಲಿ 2004ರಲ್ಲಿ ಆರಂಭವಾದ ಪಬ್‌ಕೆಮ್ ದತ್ತಸಂಚಯವು ಇದನ್ನು ಎರಡು ಸ್ತರಗಳಲ್ಲಿ ನಿಭಾಯಿಸುತ್ತದೆ. ದಾನಿ ಸಂಸ್ಥೆಗಳು ಸಲ್ಲಿಸಿದ ದಾಖಲೆಗಳು ಇದ್ದ ಹಾಗೆಯೇ 'ಸಬ್‌ಸ್ಟೆನ್ಸ್' ವಿಭಾಗದಲ್ಲಿ ಉಳಿಯುತ್ತವೆ. ಅವುಗಳ ರಚನೆಗಳನ್ನು ಪ್ರಮಾಣೀಕರಿಸಿ ಪಡೆದ ಅನನ್ಯ ಸಂಯುಕ್ತಗಳು 'ಕಾಂಪೌಂಡ್' ವಿಭಾಗದಲ್ಲಿ ಸೇರುತ್ತವೆ. ಪಠ್ಯದಲ್ಲಿ ಕಾಣುವ ಪದರೂಪಗಳಿಗೂ ನಿಘಂಟಿನ ಶಿರೋಪದಕ್ಕೂ ಇರುವ ಸಂಬಂಧವೇ ಇದು. ಪಠ್ಯಸಂಚಯದ ಕೆಲಸ ಮಾಡಿದವರಿಗೆ ಇದರ ವಿವೇಕವನ್ನು ವಿವರಿಸಬೇಕಿಲ್ಲ.

ಪ್ಯಾರಾಸಿಟಮಾಲ್ ಪದವನ್ನು ತೆಗೆದುಕೊಳ್ಳೋಣ. ಅಮೆರಿಕದಲ್ಲಿ ಇದೇ ಔಷಧವನ್ನು ಅಸಿಟಮಿನೊಫೆನ್ ಎನ್ನುತ್ತಾರೆ. ಇವೆರಡೂ ಪ್ಯಾರಾ, ಅಸಿಟೈಲ್, ಅಮೈನೊ, ಫೀನಾಲ್ ಎಂಬ ಭಾಗಗಳಿರುವ ಒಂದೇ ಉದ್ದನೆಯ ರಾಸಾಯನಿಕ ಹೆಸರಿನಿಂದ ಬೇರೆ ಬೇರೆ ತುಣುಕುಗಳನ್ನು ಕತ್ತರಿಸಿ ಹೊಲಿದ ಪದಗಳು. ಇವು ನಿಜವಾದ ಸಮಾನಾರ್ಥಕಗಳು. ನಿರ್ದೇಶ ಒಂದೇ, ವ್ಯತ್ಯಾಸವೇನಿದ್ದರೂ ಪ್ರದೇಶದ್ದು. ಆದರೆ ಪಬ್‌ಕೆಮ್‌ನ ಅದೇ ದಾಖಲೆಯಲ್ಲಿ ದಾನಿಗಳು ಕೊಟ್ಟ ಪರ್ಯಾಯನಾಮಗಳ ಪಟ್ಟಿಯಲ್ಲಿ ಟೈಲೆನಾಲ್, ಪ್ಯಾನಡಾಲ್ ಎಂಬ ಮಾರಾಟನಾಮಗಳೂ ಸೇರಿವೆ. ಇವು ಸಮಾನಾರ್ಥಕಗಳೇ? ನಮ್ಮ ಊರಿನ ಔಷಧದಂಗಡಿಯಲ್ಲಿ 'ಡೋಲೋ ಕೊಡಿ' ಎಂದು ಕೇಳುವವರು ಬಯಸುವುದು ಒಂದು ಅಣುವನ್ನಲ್ಲ. ನಿರ್ದಿಷ್ಟ ಪ್ರಮಾಣದ ಔಷಧವಿರುವ, ಪೂರಕ ವಸ್ತುಗಳನ್ನೂ ಸೇರಿಸಿ ಒತ್ತಿದ ಗುಳಿಗೆಯನ್ನು. ಇಲ್ಲಿರುವುದು ಸಮಾನಾರ್ಥಕ ಸಂಬಂಧವಲ್ಲ, ಅವಯವ-ಅವಯವಿ ಸಂಬಂಧ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಆರ್‌ಎಕ್ಸ್‌ನಾರ್ಮ್ ಪದಕೋಶವು ಇದನ್ನು ಸರಿಯಾಗಿ ಗ್ರಹಿಸಿ, ಘಟಕವಸ್ತು, ಮಾರಾಟನಾಮ ಮತ್ತು ಔಷಧದ ರೂಪಗಳನ್ನು ಬೇರೆ ಬೇರೆ ಪದಗಳಾಗಿರಿಸಿ ಅವುಗಳ ನಡುವೆ ಹೆಸರುಳ್ಳ ಸಂಬಂಧಗಳನ್ನು ಸ್ಥಾಪಿಸುತ್ತದೆ. ಇದು ಕೇವಲ ವರ್ಗೀಕರಣದ ಸೂಕ್ಷ್ಮತೆಯಲ್ಲ. ಜ್ವರಕ್ಕೊಂದು ಗುಳಿಗೆ, ನೆಗಡಿಗೊಂದು ಮಿಶ್ರ ಔಷಧ ಎಂದು ಎರಡು ಹೆಸರುಗಳ ಪೊಟ್ಟಣಗಳನ್ನು ಒಟ್ಟಿಗೆ ತೆಗೆದುಕೊಂಡವರ ದೇಹಕ್ಕೆ ಎರಡೂ ಕಡೆಯಿಂದ ಪ್ಯಾರಾಸಿಟಮಾಲ್ ಸೇರಬಹುದು. ಅತಿಯಾದರೆ ಅದು ಯಕೃತ್ತಿಗೆ ಹಾನಿಕರ. ಎರಡು ಹೆಸರುಗಳ ಹಿಂದೆ ಒಂದೇ ಘಟಕವಿದೆಯೆಂದು ಯಂತ್ರವು ಎಚ್ಚರಿಸಬೇಕಾದರೆ 'ಸಮಾನಾರ್ಥಕ'ವೆಂಬ ಒಂದೇ ಚೀಲದಲ್ಲಿ ಎಲ್ಲವನ್ನೂ ತುಂಬಿರಬಾರದು.

ಯುರೋಪಿನ ಜೈವಿಕ ಮಾಹಿತಿ ಸಂಸ್ಥೆಯು ಕೇಂಬ್ರಿಜ್ ಸಮೀಪದ ಹಿಂಕ್ಸ್‌ಟನ್‌ನಲ್ಲಿ ನಿರ್ವಹಿಸುವ 'ಚೆಬಿ' ಈ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟಾದುದು. ಜೈವಿಕ ಮಹತ್ವದ ಸಣ್ಣ ಅಣುಗಳನ್ನು ಪರಿಣತರು ಪರಿಶೀಲಿಸಿ ಸೇರಿಸುವ ಈ ಆಂಟಾಲಜಿಯಲ್ಲಿ ನೀರಿನ ಗುರುತು 15377. ಅದರ ಪರ್ಯಾಯನಾಮಗಳಲ್ಲಿ ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್ ಪದಗಳ ಜೊತೆಗೆ 'ಬಂಧಿತ ನೀರು' ಎಂಬರ್ಥದ ಇಂಗ್ಲಿಷ್ ಪದವೂ ಇದೆ. ಈ ಕೊನೆಯದು ಕುತೂಹಲಕರ. ನೀರಿಗೆ ಇದು ಪರ್ಯಾಯಪದವೆಂದು ಯಾವ ಭಾಷಿಕರೂ ಒಪ್ಪಲಾರರು. ಅದು ಪ್ರೋಟೀನಿನ ಹರಳುಗಳಲ್ಲಿ ಸಿಕ್ಕಿಕೊಂಡ ನೀರಿನ ಅಣುವನ್ನು ದಾಖಲಿಸುವ ರೂಢಿಯಿಂದ ಬಂದದ್ದು. ಮತ್ತೊಂದು ತೊಡಕನ್ನೂ ಗಮನಿಸಬೇಕು. ಕನ್ನಡದ 'ನೀರು' ರಾಶಿವಾಚಕ. ಇಂಗ್ಲಿಷಿನ ಪದವೂ ಹಾಗೆಯೇ. ಚೆಬಿಯಲ್ಲಿ ಆ ಗುರುತು ನಿಂತಿರುವುದು ಅಣುವಿಗೆ, ಅಂದರೆ ಎಣಿಸಬಹುದಾದ ವ್ಯಕ್ತಿಗೆ. ಒಂದು ಅಣುವು ತೇವವಾಗಿರುವುದಿಲ್ಲ, ಕುದಿಯುವುದೂ ಇಲ್ಲ. ರಾಶಿನಾಮವನ್ನು ವ್ಯಕ್ತಿನಾಮದಂತೆ ಬಳಸಿದ ಕೂಡಲೇ ಕುದಿಬಿಂದುವಿನಂತಹ ಗುಣಗಳನ್ನು ಯಾವುದಕ್ಕೆ ಹೇಳುತ್ತಿದ್ದೇವೆಂಬ ಪ್ರಶ್ನೆ ಎದುರಾಗುತ್ತದೆ.

ಏನಾಗಿದೆ, ಏನು ಮಾಡುತ್ತದೆ

ಚೆಬಿಯ ಅತ್ಯಂತ ಫಲಪ್ರದ ನಿರ್ಧಾರವೆಂದು ನಮಗೆ ತೋರುವುದು, ವಸ್ತುವಿನ ರಚನೆಯನ್ನೂ ಅದರ ಪಾತ್ರವನ್ನೂ ಎರಡು ಪ್ರತ್ಯೇಕ ಶ್ರೇಣಿಗಳಾಗಿ ಇರಿಸಿರುವುದು. ಆ್ಯಸ್ಪಿರಿನ್, ಅಂದರೆ ಅಸಿಟೈಲ್‌ಸ್ಯಾಲಿಸಿಲಿಕ್ ಆಮ್ಲ, ಬೆಂಜೋಯಿಕ್ ಆಮ್ಲಗಳ ಗುಂಪಿಗೆ 'ಆಗಿದೆ' ಸಂಬಂಧದಿಂದ ಸೇರುತ್ತದೆ. ಉರಿಯೂತ ನಿವಾರಕ, ಜ್ವರಹಾರಿ, ರಕ್ತದ ಕಿರುಬಿಲ್ಲೆಗಳ ಒಟ್ಟುಗೂಡುವಿಕೆಯನ್ನು ತಡೆಯುವ ವಸ್ತು ಎಂಬವುಗಳಿಗೆ 'ಪಾತ್ರ ಹೊಂದಿದೆ' ಸಂಬಂಧದಿಂದ ಜೋಡಣೆಯಾಗುತ್ತದೆ. ನಮ್ಮ ಮಾತಿನಲ್ಲಿ 'ಆ್ಯಸ್ಪಿರಿನ್ ಒಂದು ಆಮ್ಲ' ಮತ್ತು 'ಆ್ಯಸ್ಪಿರಿನ್ ಒಂದು ನೋವುನಿವಾರಕ' ಎಂಬ ವಾಕ್ಯಗಳಿಗೆ ಒಂದೇ ರೂಪ. ಕನ್ನಡದ ನಾಮಾಖ್ಯಾತ ವಾಕ್ಯದಲ್ಲಿ ಕ್ರಿಯಾಪದವೂ ಇಲ್ಲದಿರುವುದರಿಂದ ವ್ಯತ್ಯಾಸ ಇನ್ನಷ್ಟು ಮರೆಯಾಗುತ್ತದೆ. ಆದರೆ ಮೊದಲನೆಯದು ವಸ್ತುವು ಇರುವವರೆಗೂ ಸತ್ಯ, ಎರಡನೆಯದು ಯಾರದೋ ದೇಹದಲ್ಲಿ, ಯಾವುದೋ ಪ್ರಮಾಣದಲ್ಲಿ ಮಾತ್ರ ಸತ್ಯ. ಗ್ವಾರಿನೊ ಮತ್ತು ವೆಲ್ಟಿ ತಮ್ಮ 'ಆಂಟೊಕ್ಲೀನ್' ವಿಧಾನದಲ್ಲಿ ಮಂಡಿಸಿದ ದೃಢ ಮತ್ತು ಅದೃಢ ಗುಣಗಳ ಭೇದವೇ ಇದು. 'ಮನುಷ್ಯ' ದೃಢ, 'ವಿದ್ಯಾರ್ಥಿ' ಅದೃಢ. ವರ್ಡ್‌ನೆಟ್ ಮಾದರಿಯ ಪದಜಾಲಗಳಲ್ಲಿ ಈ ಎರಡೂ ಬಗೆಯ ನಾಮಪದಗಳು ಒಂದೇ ವ್ಯಾಪ್ಯ-ವ್ಯಾಪಕ ಶ್ರೇಣಿಯಲ್ಲಿ ಬೆರೆತುಹೋಗುವುದುಂಟು. ಕನ್ನಡವನ್ನೂ ಒಳಗೊಂಡ ಇಂಡೋವರ್ಡ್‌ನೆಟ್‌ನ ಮೇಲೆ ಸಂಶೋಧನೆ ಮಾಡುತ್ತಿರುವವರಿಗೆ ಚೆಬಿಯ ಈ ವಿಂಗಡಣೆಯನ್ನು ಅಭ್ಯಸಿಸುವುದು ಲಾಭದಾಯಕ.

ಒಂದೇ ಎನ್ನುವುದರ ಬೆಲೆ

ಈಗ ಆರಂಭದ ಉದಾಹರಣೆಗೆ ಹಿಂದಿರುಗೋಣ. ಸಿಟ್ರಿಕ್ ಆಮ್ಲವು ಮೂರು ಪ್ರೋಟಾನುಗಳನ್ನು ಬಿಟ್ಟುಕೊಡಬಲ್ಲ ಆಮ್ಲ. ಜೀವಕೋಶದ ಸಾಮಾನ್ಯ ಪಿಎಚ್ ಮಟ್ಟದಲ್ಲಿ ಅದು ಬಹುಪಾಲು ಮೂರನ್ನೂ ಕಳೆದುಕೊಂಡು ಮೂರು ಋಣ ವಿದ್ಯುದಂಶದ ಸಿಟ್ರೇಟ್ ಅಯಾನಾಗಿರುತ್ತದೆ. ಜೀವರಸಾಯನ ವಿಜ್ಞಾನಿಯ ದೃಷ್ಟಿಯಲ್ಲಿ ಇದು ಒಂದೇ ವಸ್ತುವಿನ ಎರಡು ಅವಸ್ಥೆ. ಚೆಬಿಯ ದೃಷ್ಟಿಯಲ್ಲಿ ಆಮ್ಲ ಬೇರೆ, ಒಂದು ಪ್ರೋಟಾನ್ ಕಳೆದ ಅಯಾನು ಬೇರೆ, ಎರಡು ಕಳೆದದ್ದು ಬೇರೆ, ಮೂರು ಕಳೆದದ್ದು ಬೇರೆ. ಆಮ್ಲ-ಪ್ರತ್ಯಾಮ್ಲ ಜೋಡಿಯ ಸಂಬಂಧವು ಒಂದೊಂದು ಮೆಟ್ಟಿಲಿಗೂ ಪ್ರತ್ಯೇಕವಾಗಿ ದಾಖಲಾಗಿದೆ.

ಇವೆರಡೂ 'ಒಂದೇ' ಎಂದು ಯಂತ್ರಕ್ಕೆ ಹೇಳಿದರೆ ಏನಾಗುತ್ತದೆ? ಜಾಲದಲ್ಲಿ ದತ್ತಾಂಶ ಜೋಡಣೆಗೆ ಬಳಸುವ ಆರ್‌ಡಿಎಫ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಹೇಳಿಕೆಯೂ ಕರ್ತೃ, ಸಂಬಂಧ, ಕರ್ಮ ಎಂಬ ಮೂರು ಪದಗಳ ಸರಳವಾಕ್ಯ. ಅದರ ಮೇಲೆ ಕಟ್ಟಿದ ಓಡಬ್ಲ್ಯುಎಲ್ ಭಾಷೆಯ 'ಸೇಮ್‌ಆ್ಯಸ್' ಎಂಬ ಸಂಬಂಧವು ಪೂರ್ಣ ತಾದಾತ್ಮ್ಯವನ್ನು ಸಾರುತ್ತದೆ. ಒಂದರ ಬಗ್ಗೆ ಹೇಳಿದ್ದೆಲ್ಲವೂ ಇನ್ನೊಂದಕ್ಕೂ ಅನ್ವಯಿಸುತ್ತದೆ. ಆಗ ಒಂದೇ ವಸ್ತುವಿಗೆ ಶೂನ್ಯ ವಿದ್ಯುದಂಶವೂ ಋಣ ಮೂರು ವಿದ್ಯುದಂಶವೂ ಏಕಕಾಲಕ್ಕೆ ಲಭಿಸುತ್ತವೆ, ಅಣುತೂಕಗಳೂ ಎರಡಾಗುತ್ತವೆ. ಒಂದು ವಸ್ತುವಿಗೆ ಒಂದೇ ವಿದ್ಯುದಂಶವೆಂಬ ನಿಯಮವನ್ನೂ ಬರೆದಿಟ್ಟಿದ್ದರೆ ತರ್ಕಯಂತ್ರವು ಇದನ್ನು ವಿರೋಧವೆಂದು ನಿಲ್ಲಿಸುತ್ತದೆ. ಆ ನಿಯಮವಿಲ್ಲದಿದ್ದರೆ ನಿಲ್ಲಿಸದೆಯೇ ಮುಂದುವರಿಯುತ್ತದೆ, ಅದು ಇನ್ನೂ ಅಪಾಯಕರ. ಇವು ಸಂಬಂಧವೇ ಇಲ್ಲದ ಎರಡು ವಸ್ತುಗಳೆಂದರೆ, ಸಿಟ್ರೇಟನ್ನು ಹುಡುಕಿದವರಿಗೆ ಸಿಟ್ರಿಕ್ ಆಮ್ಲದ ಹೆಸರಿನಲ್ಲಿ ದಾಖಲಾದ ಚಯಾಪಚಯದ ಮಾಹಿತಿ ಸಿಗುವುದೇ ಇಲ್ಲ. ಜೀನ್ ಆಂಟಾಲಜಿಯನ್ನು ಚೆಬಿಯೊಡನೆ ಬೆಸೆದ ಕಾರ್ಯದಲ್ಲಿ ಈ ಪ್ರಶ್ನೆ ನೇರವಾಗಿಯೇ ಎದುರಾಯಿತು. ಆ ಕಾರ್ಯದ ವರದಿ 2013ರಲ್ಲಿ ಪ್ರಕಟವಾಗಿದೆ. ಜೈವಿಕ ಕ್ರಿಯೆಗಳ ದತ್ತಸಂಚಯವಾದ 'ರಿಯಾ' ಮತ್ತೊಂದು ದಾರಿ ಹಿಡಿಯಿತು: ಪಿಎಚ್ 7.3ರಲ್ಲಿ ಪ್ರಧಾನವಾಗಿರುವ ರೂಪವನ್ನೇ ಎಲ್ಲೆಡೆ ಬರೆಯುವುದೆಂದು ನಿಗದಿಪಡಿಸಿತು. ಭಾಷಾವಿಜ್ಞಾನಿಗೆ ಇದು ಪರಿಚಿತ ಉಪಾಯ. ಆಕೃತಿಮಾದ ಹಲವು ಉಪಾಕೃತಿಗಳಲ್ಲಿ ಒಂದನ್ನು ಮೂಲರೂಪವೆಂದು ಆರಿಸಿ, ಉಳಿದವುಗಳನ್ನು ಪರಿಸರಕ್ಕೆ ಬಿಡುವುದಕ್ಕಿಂತ ಇದು ಬಹಳ ಭಿನ್ನವೇನಲ್ಲ.

ತಾದಾತ್ಮ್ಯವೇ ಸಾಪೇಕ್ಷವಾಗಿರಬಹುದು ಎಂಬುದಕ್ಕೆ ಇನ್ನೂ ಆಳವಾದ ಸಾಕ್ಷಿ ಐಯುಪಿಎಸಿಯ ಪರಿಭಾಷಾ ಸಂಪುಟವಾದ 'ಗೋಲ್ಡ್ ಬುಕ್'ನಲ್ಲಿದೆ. ರಾಸಾಯನಿಕ ಪ್ರಭೇದವನ್ನು ಅಲ್ಲಿ ಪ್ರಯೋಗದ ಕಾಲಮಾನವನ್ನು ಅವಲಂಬಿಸಿ ವ್ಯಾಖ್ಯಾನಿಸಲಾಗಿದೆ. ಒಂದು ಅಣುವಿನ ಎರಡು ವಿನ್ಯಾಸಗಳು ನಿಧಾನವಾಗಿ ಪರಸ್ಪರ ಮಾರ್ಪಡುತ್ತಿದ್ದರೆ, ವೇಗವಾದ ಅಳತೆಯ ಉಪಕರಣಕ್ಕೆ ಅವು ಎರಡು ಪ್ರಭೇದ; ನಿಧಾನಗತಿಯ ಕ್ರಿಯೆಯೊಂದರ ದೃಷ್ಟಿಯಿಂದ ಅದೇ ಮಿಶ್ರಣ ಒಂದೇ ಪ್ರಭೇದ. ಪುಟ್ನಮ್ 1975ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ನೀರಿನ ಅರ್ಥವನ್ನು ಅದರ ಅಣುರಚನೆಗೆ ಒಪ್ಪಿಸಿ, ಅದನ್ನು ನಿರ್ಣಯಿಸುವ ಹೊಣೆಯನ್ನು ಪರಿಣತರಿಗೆ ವಹಿಸಿದರು. ಪರಿಣತರ ಬಳಿಗೆ ಹೋಗಿ ಕೇಳಿದರೆ 'ಯಾವ ಕಾಲಮಾನದಲ್ಲಿ?' ಎಂಬ ಮರುಪ್ರಶ್ನೆ ಬರುತ್ತದೆ! ಗ್ಲೂಕೋಸನ್ನೇ ನೋಡಿ: ನೀರಿನಲ್ಲಿ ಕರಗಿದಾಗ ಅದು ಸುಮಾರು 36 ಶೇಕಡ ಆಲ್ಫಾ, 64 ಶೇಕಡ ಬೀಟಾ ರೂಪಗಳಲ್ಲಿದ್ದು ಸದಾ ಮಾರ್ಪಡುತ್ತಿರುತ್ತದೆ, ರಕ್ತಪರೀಕ್ಷೆಯ ವರದಿಯ 'ಗ್ಲೂಕೋಸ್' ಈ ಭೇದವನ್ನು ಹೇಳುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಇದು ನಾನಾರ್ಥವಲ್ಲ, ಅನಿರ್ದಿಷ್ಟತೆ.

ಜಾಲದ ಮಾನಕ ಸಂಸ್ಥೆಯು 2009ರಲ್ಲಿ ಅಂಗೀಕರಿಸಿದ 'ಸ್ಕಾಸ್' ಈ ಒತ್ತಡವನ್ನು ಸಡಿಲಿಸುತ್ತದೆ. ಎರಡು ಪದಕೋಶಗಳ ಪರಿಕಲ್ಪನೆಗಳ ನಡುವೆ ನಿಖರ ಹೊಂದಾಣಿಕೆ, ಸಮೀಪದ ಹೊಂದಾಣಿಕೆ, ಹೆಚ್ಚು ವ್ಯಾಪಕ, ಹೆಚ್ಚು ಸಂಕುಚಿತ, ಸಂಬಂಧಿತ ಎಂಬ ಮಟ್ಟಗಳನ್ನು ಅದು ಒದಗಿಸುತ್ತದೆ. ನಿಖರ ಹೊಂದಾಣಿಕೆ ಸರಣಿಯಾಗಿ ಸಾಗುತ್ತದೆ. ಸಮೀಪದ ಹೊಂದಾಣಿಕೆ ಸಾಗುವುದಿಲ್ಲ. ಅಂದರೆ ಕ ಮತ್ತು ಖ ಸಮೀಪ, ಖ ಮತ್ತು ಗ ಸಮೀಪ ಎಂದ ಮಾತ್ರಕ್ಕೆ ಕ ಮತ್ತು ಗ ಸಮೀಪವೆಂದು ಯಂತ್ರ ತೀರ್ಮಾನಿಸದು. ಭಾಷಾತುಲನೆಯಲ್ಲಿ ತೊಡಗಿರುವ ನಮಗೆ ಈ ಒಂದು ನಿರ್ಬಂಧವೇ ಸಾಕಷ್ಟು ಕಲಿಸಬಲ್ಲದು. ಕನ್ನಡದ ದ್ವಿತೀಯಾ ವಿಭಕ್ತಿಯನ್ನು ಲ್ಯಾಟಿನ್ನಿನ ಕರ್ಮವಿಭಕ್ತಿಯೊಡನೆ ಒಂದೇ ಎಂದು ದತ್ತಸಂಚಯದಲ್ಲಿ ಗುರುತಿಸಿದಾಗ, 'ಪುಸ್ತಕ ಓದಿದಳು', 'ಪುಸ್ತಕವನ್ನು ಓದಿದಳು' ಎಂಬ ಎರಡೂ ಸಾಧ್ಯವಿರುವ ನಮ್ಮ ವ್ಯವಸ್ಥೆಯ ವಿಶೇಷ ಅಳಿಸಿಹೋಗುತ್ತದೆ. ಹ್ಯಾಸ್ಪೆಲ್‌ಮಾತ್ 2010ರಲ್ಲಿ ತುಲನಾತ್ಮಕ ಪರಿಕಲ್ಪನೆಗಳನ್ನು ಭಾಷಾವಿಶಿಷ್ಟ ವರ್ಗಗಳಿಂದ ಬೇರ್ಪಡಿಸಬೇಕೆಂದು ವಾದಿಸಿದ್ದು ಈ ಕಾರಣಕ್ಕೇ. ಆದರೂ ನಮ್ಮ ಕ್ಷೇತ್ರದ ದತ್ತಸಂಚಯಗಳಲ್ಲಿ ಹೊಂದಾಣಿಕೆಯ ಮಟ್ಟವನ್ನು ನಮೂದಿಸುವ ರೂಢಿ ಇನ್ನೂ ದುರ್ಬಲವಾಗಿದೆ. ರಸಾಯನಶಾಸ್ತ್ರವು ನಮಗಿಂತ ಮುಂದಿರುವುದು ಇಲ್ಲಿ.

ಕನ್ನಡದ ಹೆಸರುಗಳು

ಸ್ಕಾಸ್‌ನ ಮತ್ತೊಂದು ನಿಯಮ ಕನ್ನಡಕ್ಕೆ ನೇರವಾಗಿ ಸಂಬಂಧಿಸಿದ್ದು. ಒಂದು ಪರಿಕಲ್ಪನೆಗೆ ಒಂದು ಭಾಷೆಯಲ್ಲಿ ಆದ್ಯತೆಯ ಹೆಸರು ಒಂದೇ ಇರಬಹುದು. ಉಳಿದವು ಪರ್ಯಾಯ ಹೆಸರುಗಳಾಗಬೇಕು. 'ಆಮ್ಲಜನಕ'ವೋ 'ಆಕ್ಸಿಜನ್' ಎಂಬುದೋ? ಆಮ್ಲಜನಕವು ಲಾವಾಸಿಯೆಯ ಫ್ರೆಂಚ್ ಪದದ ಪಡಿಯಚ್ಚು, ಆಮ್ಲಗಳನ್ನು ಹುಟ್ಟಿಸುವುದು ಎಂದರ್ಥ. ಉಪ್ಪಿನ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂದು ಡೇವಿ 1810ರ ಸುಮಾರಿಗೆ ತೋರಿಸಿದಾಗಲೇ ಆ ವರ್ಣನೆ ಬಿದ್ದುಹೋಯಿತು. ಹೆಸರು ಉಳಿಯಿತು, ಕ್ರಿಪ್ಕಿ ಹೇಳುವಂತೆ ಹೆಸರಿಗೆ ತನ್ನ ವರ್ಣನೆ ನಿಜವಾಗಿರಬೇಕಿಲ್ಲ. ಹಾಗಾಗಿ ಶಾಸ್ತ್ರೀಯ ದೋಷವೆಂಬ ಕಾರಣಕ್ಕೆ ಆಮ್ಲಜನಕವನ್ನು ಕೈಬಿಡಬೇಕೆಂಬ ವಾದ ನಮಗೆ ಒಪ್ಪಿತವಲ್ಲ. 2012ರಲ್ಲಿ ಆರಂಭವಾದ ವಿಕಿಡೇಟಾದಲ್ಲಿ ಪ್ರತಿ ರಾಸಾಯನಿಕಕ್ಕೂ ಇನ್‌ಚಿಕೀ, ಚೆಬಿ ಮತ್ತು ಪಬ್‌ಕೆಮ್ ಗುರುತುಗಳೊಡನೆ ಕನ್ನಡದ ಶೀರ್ಷಿಕೆಯನ್ನೂ ಅಡ್ಡಹೆಸರುಗಳನ್ನೂ ಸೇರಿಸುವ ಅವಕಾಶವಿದೆ. ಅಲ್ಲಿ ಶೀರ್ಷಿಕೆಯನ್ನು ತುಂಬುವ ಸ್ವಯಂಸೇವಕರು ತಮಗರಿವಿಲ್ಲದೆಯೇ ಭಾಷಾಯೋಜನೆಯ ನಿರ್ಣಯವನ್ನು ಕೈಗೊಳ್ಳುತ್ತಿರುತ್ತಾರೆ, ಆ ನಿರ್ಣಯ ಯಂತ್ರಗಳ ಮೂಲಕ ಹಲವೆಡೆ ಹರಡುತ್ತದೆ.

ಆಮ್ಲಜನಕದಂತಹ ಪದಗಳು ಹೇಗೋ ನಿಭಾಯಿಸಬಹುದಾದವು. ನಿಜವಾಗಿ ಕಷ್ಟಕೊಡುವುದು 'ಸುಣ್ಣ'. ಸುಣ್ಣದ ಕಲ್ಲನ್ನು ಸುಟ್ಟರೆ ಸಿಗುವ ಸುಟ್ಟ ಸುಣ್ಣ ಕ್ಯಾಲ್ಸಿಯಂ ಆಕ್ಸೈಡ್. ಅದಕ್ಕೆ ನೀರು ಹಾಕಿ ಅರಳಿಸಿದ ಸುಣ್ಣ, ಎಲೆಗೆ ಹಚ್ಚುವ ಸುಣ್ಣ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಗೋಡೆಗೆ ಬಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾಲಕ್ರಮದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಮತ್ತೆ ಕಲ್ಲಿನ ವಸ್ತುವೇ. ಮೂರು ಸಂಯುಕ್ತಗಳು, ಮೂರು ಇನ್‌ಚಿಕೀಗಳು. ಕನ್ನಡದ ಪದ ಮಾತ್ರ ಒಂದೇ, ವಸ್ತುವು ಮಾರ್ಪಡುತ್ತ ಹೋದಂತೆ ಅದರ ಬೆನ್ನಿಗೇ ಸಾಗುತ್ತದೆ. ಇದನ್ನು ಮೂರು ಅರ್ಥಗಳ ನಾನಾರ್ಥಪದವೆನ್ನುವುದು ಭಾಷಿಕರ ಅನುಭವಕ್ಕೆ ದೂರ. ಮೂರರಲ್ಲೊಂದಕ್ಕೆ ಅದನ್ನು ಶೀರ್ಷಿಕೆಯಾಗಿ ಕೊಟ್ಟರೆ ಉಳಿದೆರಡರ ಹುಡುಕಾಟ ಕೆಡುತ್ತದೆ. ಮೂರಕ್ಕೂ ಅಡ್ಡಹೆಸರಾಗಿ ಕೊಟ್ಟರೆ ತಿನ್ನುವ ಸುಣ್ಣದ ಸುರಕ್ಷತೆಯನ್ನು ಹುಡುಕಿದವರಿಗೆ ಸುಟ್ಟ ಸುಣ್ಣದ ಮಾಹಿತಿ ಬರಬಹುದು, ಸುಟ್ಟ ಸುಣ್ಣವು ಕಣ್ಣಿಗೂ ಚರ್ಮಕ್ಕೂ ತೀವ್ರ ಅಪಾಯಕಾರಿ ವಸ್ತು. ನಮ್ಮ ಸಲಹೆ ಇಷ್ಟು: 'ಸುಣ್ಣ' ಎಂಬುದನ್ನು ಯಾವ ಸಂಯುಕ್ತಕ್ಕೂ ಹೆಸರಾಗಿಸದೆ ಪ್ರತ್ಯೇಕ ಪರಿಕಲ್ಪನೆಯಾಗಿ ದಾಖಲಿಸಬೇಕು, ಅದರಿಂದ ಆಕ್ಸೈಡ್ ಮತ್ತು ಹೈಡ್ರಾಕ್ಸೈಡುಗಳಿಗೆ 'ಹೆಚ್ಚು ಸಂಕುಚಿತ' ಎಂಬ ಕೊಂಡಿಯನ್ನು, ಕಾರ್ಬೊನೇಟಿಗೆ 'ಸಂಬಂಧಿತ' ಎಂಬ ಕೊಂಡಿಯನ್ನು ನೀಡಬೇಕು, ಸುಟ್ಟ ಸುಣ್ಣ, ಅರಳಿದ ಸುಣ್ಣ ಎಂಬ ವಿಶೇಷಣಸಹಿತ ಪದಗಳನ್ನು ಮಾತ್ರ ಆಯಾ ಸಂಯುಕ್ತಗಳ ಕನ್ನಡ ಹೆಸರುಗಳಾಗಿ ಬಳಸಬೇಕು. ಉಪ್ಪು, ಸೋಡಾ, ಕ್ಷಾರ ಮೊದಲಾದ ಪದಗಳನ್ನೂ ಇದೇ ರೀತಿಯಲ್ಲಿ ಒಂದೊಂದಾಗಿ ಪರಿಶೀಲಿಸಬೇಕಾಗಿದೆ. ಅದಕ್ಕೆ ಬೇಕಾದ ಕ್ಷೇತ್ರಕಾರ್ಯವು ರಸಾಯನಶಾಸ್ತ್ರಜ್ಞರಿಗಿಂತ ಹೆಚ್ಚಾಗಿ ಉಪಭಾಷಾ ಸಂಶೋಧಕರ ಪಾಲಿಗೆ ಬರುತ್ತದೆ.